ಗೋಕಾಕ ಕೊಟ್ಟರೂ ಉತ್ತರ ಹೇಳುವುದಿಲ್ಲ

ಕುಲಗೋಡ,
ಬುಧವಾರ, 12 ನವೆಂಬರ್ 2025

ಐಶ್ವರ್ಯಾಳ ಅಪ್ಪನವರಿಗೆ ಮಹಾನಂದಾಳ ಶರಣು.

ಮೊದಲು ಕಿವಿಗೆ ವೈರು ಹಾಕಿಕೊಳ್ಳಿ, ಮುಂದಿನದು ಆಮೇಲೆ. ಹೋದ ಸಲದ ಪತ್ರವನ್ನು ನಿಮ್ಮ ಕಂಪ್ಯೂಟರು ಇಡೀ ಕೋಣೆಗೆ ಕೇಳುವ ಹಾಗೆ ಓದಿತಂತೆ. ನೀವು ಹರಿದ ಬನಿಯನ್ನೇ ಹಾಕಿಕೊಂಡು ಹೋದ ಸಂಗತಿ ಈಗ ಹುಕ್ಕೇರಿಯ ತರಬೇತಿ ಕೇಂದ್ರದ ಅಡುಗೆಯವರಿಗೂ ಗೊತ್ತು. ಹಾಕಿಕೊಂಡಿರಾ? ಹಾಗಾದರೆ ಹೇಳಿ, ಆರೋಗ್ಯ ಹೇಗಿದೆ. ಕಣ್ಣಿಗೆ ಹನಿ ಬಿಟ್ಟುಕೊಳ್ಳುತ್ತಿದ್ದೀರಿ ತಾನೆ? ಕಣ್ಣೇ ಹೋದ ಮೇಲೆ ಹನಿ ಯಾಕೆ ಎಂದು ಅಲ್ಲಿಯೂ ವಾದ ಹೂಡಬೇಡಿ. ಒತ್ತಡ ಏರಿದರೆ ತಲೆನೋವು ಬರುವುದು ನಿಮಗೆ, ಡಾಕ್ಟರ ಬೈಗುಳ ತಿನ್ನುವವಳು ನಾನು. ಅಲ್ಲಿಯ ರೊಟ್ಟಿ ದಪ್ಪ ಎಂದು ಮುಖ ಸಿಂಡರಿಸುತ್ತೀರಂತೆ. ದಪ್ಪ ರೊಟ್ಟಿ ಹೊಟ್ಟೆಗೆ ಗಟ್ಟಿ, ಸುಮ್ಮನೆ ತಿನ್ನಿ. ಆ ಯಂತ್ರದ ಹೆಣ್ಣುದನಿಯ ಬಗ್ಗೆಯೂ ಒಂದು ಮಾತು. ನಾನು ಇಷ್ಟು ವರ್ಷ ಬಾಯಿ ಸವೆಸಿದರೂ ಅರ್ಧಕ್ಕೇ ಎದ್ದು ಹೋಗುತ್ತಿದ್ದವರು ನೀವು. ಅದು ಓದಿದರೆ ತಲೆ ಅಲ್ಲಾಡಿಸುತ್ತ ಕಡೆಯವರೆಗೆ ಕೇಳುತ್ತೀರಂತೆ. ಇರಲಿ, ದನಿ ಅವಳದಾದರೂ ಮಾತು ನನ್ನದೇ ಅಲ್ಲವೆ.

ಇಲ್ಲಿ ಎಲ್ಲ ನೆಟ್ಟಗಿದೆ. ಅತ್ತೆಯವರ ಮೊಣಕಾಲು ಚಳಿಗೆ ಸ್ವಲ್ಪ ಹಿಡಿದಿದೆ, ಬಾಯಿ ಮಾತ್ರ ಹಿಡಿದಿಲ್ಲ. ಐಶ್ವರ್ಯ ದಿನಾ ಗೋಕಾಕದ ಕಾಲೇಜಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗುತ್ತಾಳೆ, ಬರುವಾಗ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಬಿದ್ದು ಕತ್ತಲಾಗುವ ಹೊತ್ತಿಗೆ ಮನೆ ಸೇರುತ್ತಾಳೆ. ಅಂಗಡಿಯಲ್ಲಿ ಬಿತ್ತುವ ಕಡಲೆ ಬೀಜ, ಬಿಳಿಜೋಳದ ಬೀಜ ಎರಡೂ ಖಾಲಿಯಾಗುತ್ತ ಬಂದಿವೆ. ಗೊಬ್ಬರದ ಚೀಲ ಇಳಿಸುವಾಗ ನಾನೇ ನಿಂತು ಎಣಿಸುತ್ತೇನೆ. ನಿಮ್ಮ ಗಾದಿಯ ಮೇಲೆ ನಾನು ಕೂರುವುದಿಲ್ಲ, ಬಾಜೂ ಸ್ಟೂಲು ಹಾಕಿಕೊಂಡಿದ್ದೇನೆ. ಗಿರಾಕಿಗಳು ಬಂದವರು ಮೊದಲು ಗಾದಿ ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ. ಅದು ನನಗೆ ಬೇಸರವೇನಲ್ಲ.

ಈಗ ಭಾನುವಾರದ ಫೋನಿನ ವಿಷಯಕ್ಕೆ ಬರೋಣ. “ಮಹಾನಂದಾ, ನನ್ನ ಕರಕೊಂಡ ಹೋಗ. ಇಲ್ಲಿ ಕಂಪ್ಯೂಟರದಾಗ ಸಣ್ಣ ಹುಡುಗರ ಆಟ ಆಡಸಾಕತ್ತಾರ. ಪಾತಾಳಗರುಡ ಐತಿ, ಬಾವಿಗಿ ಬಿಡಾಕ ಹಗ್ಗ ಇಲ್ಲ. ಮ್ಯಾಲ ಕೈಯಾಗ ಆ ಬಿಳಿ ಕೋಲ ಬ್ಯಾರೆ. ಹುಕ್ಕೇರಿ ಪ್ಯಾಟ್ಯಾಗ ನನ್ನ ಗಿರಾಕಿ ಅದಾರ, ನಾ ಅದನ್ನ ಹಿಡಕೊಂಡ ತಿರಗೂದಿಲ್ಲ” ಎಂದಿರಿ. ನಾನು “ಆತ್ರಿ, ಬರೂ ಐತವಾರ ಬರ್ತೇನಿ” ಎಂದು ಫೋನಿಟ್ಟೆ. ನಿಮಗೆ ಆಶ್ಚರ್ಯ ಆಗಿರಬೇಕು, ಮಹಾನಂದಾ ಇಷ್ಟು ಬೇಗ ಒಪ್ಪಿಕೊಂಡಳಲ್ಲ ಎಂದು. ನಿಮ್ಮ ಸ್ವಭಾವ ನನಗೆ ಗೊತ್ತಿಲ್ಲದ್ದೇ? ಇರು ಎಂದರೆ ಅಂದೇ ಹೊರಟು ಬಿಡುತ್ತೀರಿ. ಅದಕ್ಕೇ ವಾದ ಮಾಡಲಿಲ್ಲ. ಆದರೆ ಇಷ್ಟು ದೊಡ್ಡ ಗಂಡಸನ್ನು, ಗೊಬ್ಬರ ಕಂಪನಿಯವರನ್ನೇ ಅಂಗಡಿ ಮೆಟ್ಟಿಲು ಇಳಿಸಿ ಕಳಿಸಿದವರನ್ನು, ಒಂದು ಬಾವಿ ಹೇಗೆ ಸೋಲಿಸಿತು ಎಂಬ ಕುತೂಹಲ ಮಾತ್ರ ತಡೆಯಲಾಗಲಿಲ್ಲ. ಮರುದಿನ ಅಲ್ಲಿ ನಿಮಗೆ ಕಲಿಸುವ ಸಿದ್ರಾಯ ಸರ್‌ಗೆ ಫೋನು ಮಾಡಿ, ಆ ಆಟವನ್ನು ನಮಗೂ ಕಳಿಸಿಕೊಡ್ರಿ ಎಂದು ಕೇಳಿದೆ.

ಸರ್ ಬಹಳ ನಗುಮುಖದವರು ಎಂದು ದನಿಯಲ್ಲೇ ಗೊತ್ತಾಗುತ್ತದೆ. ಕೌಜಲಗಿಯ ಕುರಿ ಕಾಯುವವರ ಮನೆತನವಂತೆ, ಹುಟ್ಟಿದಾಗಿನಿಂದ ಕಣ್ಣಿಲ್ಲವಂತೆ. ಇದನ್ನು ನೀವು ನನಗೆ ಹೇಳಿರಲೇ ಇಲ್ಲ. ನಾಲ್ವತ್ತು ವರ್ಷದ ಹಿಂದೆ ಕಂಪ್ಯೂಟರಿಗೆ ಚಿತ್ರ ತೋರಿಸಲು ಸರಿಯಾಗಿ ಬಾರದಿದ್ದಾಗ ಪರದೇಶದಲ್ಲಿ ಜನ ಬರೇ ಮಾತಿನ ಆಟ ಆಡುತ್ತಿದ್ದರಂತೆ. ನೀವು ಇಂಥ ಕಡೆ ನಿಂತಿದ್ದೀರಿ ಎಂದು ಅದು ಹೇಳಬೇಕು, ಉತ್ತರಕ್ಕೆ ಹೋಗು, ಬಾಗಿಲು ತೆಗೆ ಎಂದು ನಾವು ಬರೆಯಬೇಕು. ಅದೇ ಹಳೆಯ ರೀತಿಯಲ್ಲಿ ಸರ್ ನಿಮ್ಮಂಥವರಿಗಾಗಿ ಕನ್ನಡದಲ್ಲಿ ಒಂದನ್ನು ಕಟ್ಟಿದ್ದಾರೆ. ಒಬ್ಬ ಮನುಷ್ಯ ಪಾಳುಬಿದ್ದ ವಾಡೆಯೊಳಗೆ ಸಿಕ್ಕಿಕೊಂಡಿದ್ದಾನೆ, ಹೆಬ್ಬಾಗಿಲು ತೆರೆದು ಹೊರಗೆ ಬರಬೇಕು. ಅಷ್ಟೇ ಕಥೆ. ಮನೆಯವರೂ ಆಡಬಹುದು, ಕಲಿಯಲು ಬಂದವರಿಗೆ ಸುಳಿವು ಕೊಡಬಹುದು, ಉತ್ತರ ಮಾತ್ರ ಹೇಳಬಾರದು ಎಂದು ಷರತ್ತು ಹಾಕಿದರು. “ಅಕ್ಕಾರ, ಕಣ್ಣಿಲ್ಲದವರಿಗಿ ದಾರಿ ತೋರ್ಸೂದೂ ಹಂಗ ನೋಡ್ರಿ. ನಿಮ್ಮ ಮೊಣಕೈ ಕೊಡ್ರಿ, ಅವರ ಹಿಡಕೋತಾರ. ರಟ್ಟಿ ಹಿಡದ ಎಳಿಬ್ಯಾಡ್ರಿ” ಎಂದರು. ನಾನು ಒಪ್ಪಿಕೊಂಡೆ. ಧಾರಾವಾಹಿ ನೋಡುವಾಗ ಮುಂದೇನಾಗುತ್ತದೆಂದು ಮೊದಲೇ ಕೂಗುವವಳು ನಾನು, ನನ್ನಿಂದ ಇಂಥ ಷರತ್ತು ಪಾಲಿಸಲು ಆದೀತೇ ಎಂದು ಐಶ್ವರ್ಯ ಅಲ್ಲೇ ನಕ್ಕಳು.

ಸೋಮವಾರ ಅಂಗಡಿ ಬಾಗಿಲು ಎಳೆದು ಬಂದವಳೇ ಫೋನು ಹಿಡಿದು ಕೂತೆ. ಒಂದು ಕಡೆ ಐಶ್ವರ್ಯ, ಇನ್ನೊಂದು ಕಡೆ ಅತ್ತೆ. ಅಂಗಳ ಸುತ್ತಿದೆವು, ಪಡಸಾಲೆ ನೋಡಿದೆವು, ಮೆಟ್ಟಿಲ ಕೆಳಗೆ ನೆಲಮಾಳಿಗೆಯ ಬಾಗಿಲು ಸಿಕ್ಕಿತು. ತೆರೆದು ಇಳಿದರೆ ಆಟ ಹೇಳಿತು: ‘ಇಲ್ಲಿ ಕಗ್ಗತ್ತಲೆ. ಏನೂ ಕಾಣಿಸುವುದಿಲ್ಲ.’ ಸರಿ, ದೀಪ ಬೇಕು ಎಂದು ಮೂವರೂ ಒಂದೇ ಬಾಯಲ್ಲಿ ಅಂದೆವು. ಮೇಲೆ ಬಂದು ಗೋಡೆಯ ಮಾಡದಲ್ಲಿ ಒಂದು ಹಣತೆ ಹುಡುಕಿದೆವು, ಎಣ್ಣೆ ಇಲ್ಲ. ಅಡುಗೆಮನೆಯ ಗಡಿಗೆಗಳನ್ನೆಲ್ಲ ಬಗ್ಗಿ ನೋಡಿ ಒಂದು ಕಡೆ ಎಣ್ಣೆ ಕಂಡೆವು, ಬತ್ತಿ ಇಲ್ಲ. ಅತ್ತೆಯವರು ‘ಅರಿವೀ ಹರದ ಬತ್ತಿ ಮಾಡ್ರೆ’ ಎಂದರು, ಅದನ್ನೂ ಮಾಡಿದೆವು. ಕಡ್ಡಿಪೆಟ್ಟಿಗೆ ಸಿಕ್ಕಿತು, ಅದು ನೀರು ಕುಡಿದು ಮೆತ್ತಗಾಗಿತ್ತು. ಅಂಗಳದ ಬಿಸಿಲಲ್ಲಿ ಅದನ್ನು ಒಣಗಿಸಲು ಇಟ್ಟು ಕಾಯುತ್ತ ಕೂತೆವು, ಆಟದಲ್ಲಿ ಹೊತ್ತೇ ಸರಿಯಲಿಲ್ಲ. ಮರುದಿನ ಬೆಳಗ್ಗೆ ಮತ್ತೆ ಅದೇ ಕೆಲಸ. ಒಲೆಯ ಮೇಲೆ ಹಾಲು ಉಕ್ಕಿತು, ಐಶ್ವರ್ಯಾಳ ಬಸ್ಸು ತಪ್ಪಿತು. “ಅಪ್ಪಗ ದೀಪ ಸಿಕ್ಕೇತಿ, ನಮಗ ಯಾಕ ಸಿಗವಲ್ದು” ಎಂದು ಅವಳ ಗೋಳು. ಯಾಕೆಂದರೆ ನಿಮ್ಮ ಹತ್ತಿರ ಪಾತಾಳಗರುಡ ಇದೆ ಎಂದು ನೀವೇ ಹೇಳಿದ್ದಿರಿ, ಬಾವಿಗೆ ಬಿದ್ದ ಕೊಡ ಎತ್ತುವ ಆ ಕೊಕ್ಕೆಗಳ ಗೊಂಚಲು ಮೇಲೆಲ್ಲೂ ಇರಲಿಲ್ಲ. ಅಂದರೆ ಅದು ಕೆಳಗೇ ಇರಬೇಕು, ನೀವು ಆ ಕತ್ತಲೆಯಲ್ಲಿ ಇಳಿದು ತಂದಿರಲೇಬೇಕು. ನಮ್ಮನೆಯ ಮೂರು ಹೆಂಗಸರು ಎಣ್ಣೆ ಬತ್ತಿ ಹಿಡಿದು ಅಲೆಯುತ್ತಿರುವಾಗ ನಿಮಗೆ ಮಾತ್ರ ಯಾರು ದೀಪ ಕೊಟ್ಟರು ಎಂದು ನನಗೆ ಸಿಟ್ಟೇ ಬಂತು.

ಕಡೆಗೆ ನಿನ್ನೆ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿಗೆ ಸೋಲೊಪ್ಪಿಕೊಂಡು ಸರ್‌ಗೆ ಫೋನು ಮಾಡಿದೆ. ಉತ್ತರ ಬೇಡ ಸರ್, ಒಂದು ಸಣ್ಣ ಸುಳಿವು ಕೊಡಿ ಎಂದೆ. ಅವರು ಕೇಳಿದ್ದು ಇಷ್ಟೇ: “ಕತ್ತಲಿ ಐತಿ ಅಂತ ಹೇಳೇತಿ ಖರೆ. ಹೋಗಬ್ಯಾಡ ಅಂತ ಹೇಳೇತೇನ್ರಿ?” ತಡೀರಿ ಸರ್ ಎಂದು ಅದೇ ಫೋನಿನಲ್ಲಿ ಆಟ ತೆರೆದೆ. ಆಮೇಲೆ ನೆಲಮಾಳಿಗೆಗೆ ಇಳಿದು, ದೀಪ ಗೀಪ ಏನೂ ಇಲ್ಲದೆ, ‘ಮುಂದೆ ಹೋಗು’ ಎಂದು ಬರೆದೆ. ಆಟ ಸುಮ್ಮನೆ ಮುಂದೆ ಹೋಯಿತು. ‘ಎಡಗೈಗೆ ತಣ್ಣನೆಯ ಗೋಡೆ. ಮುಂದಿನಿಂದ ಹಳೇ ಜೋಳದ ವಾಸನೆ. ಕಾಲ ಕೆಳಗೆ ಟೊಳ್ಳು ಸದ್ದು’ ಎಂದಿತು. ವಾಸನೆ ಹಿಡಿದು ಹೋದರೆ ಜೋಳ ತುಂಬಿಡುವ ಹಗೇವು, ಅದರ ಬಾಯಿಯ ಮೇಲೆ ಕೈಯಾಡಿಸಿದರೆ ಪಾತಾಳಗರುಡ. ಇಷ್ಟಕ್ಕೆ ನಾವು ಹಾಲು ಉಕ್ಕಿಸಿ ಬಸ್ಸು ತಪ್ಪಿಸಿಕೊಂಡಿದ್ದೆವು. ಕಣ್ಣಿರುವ ಮನೆಯವರೆಲ್ಲ ಅಲ್ಲೇ ಸಿಕ್ಕಿಬೀಳುತ್ತಾರಂತೆ, ಕೇಂದ್ರಕ್ಕೆ ಕಲಿಯಲು ಬಂದವರು ಒಬ್ಬರೂ ಸಿಕ್ಕಿಬಿದ್ದಿಲ್ಲವಂತೆ. ನನ್ನ ಗಂಡ ಎಷ್ಟು ಹೊತ್ತು ನಿಂತಿದ್ದರು ಸರ್ ಎಂದು ಕೇಳಿದೆ. “ನಿಂತಿದ್ರ ಅಲ್ಲೇನ್ರಿ, ಕತ್ತಲಿ ಅಂದದ್ದ ಅವರ ಲಕ್ಷ್ಯಕ್ಕ ಬಂದಿಲ್ಲ” ಎಂದರು.

ಫೋನಿಟ್ಟು ಗೊಬ್ಬರದ ಚೀಲಕ್ಕೆ ಒರಗಿ ಕೂತು ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ. ದುಃಖದ ಅಳು ಅಲ್ಲ. ಕಣ್ಣು ಮಂದವಾದಂದಿನಿಂದ ನಿಮಗೆ ಏನೇನು ಆಗುವುದಿಲ್ಲ ಎಂದು ಎಲ್ಲರೂ ಬಂದು ಹೇಳಿ ಹೋದರು, ಕೇಳಿ ಕೇಳಿ ನನ್ನ ಕಿವಿಯೂ ತುಂಬಿತ್ತು. ನಮಗೆ ಆಗದ್ದು ಒಂದು ನಿಮಗೆ ಆಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ನಾವು ಮೂವರು ಹೆದರಿ ನಿಂತ ಜಾಗದಲ್ಲಿ ನೀವು ಅಂಗಳ ದಾಟಿದ ಹಾಗೆ ದಾಟಿ ಹೋಗಿದ್ದೀರಿ. ಮದುವೆಯಾದಾಗಿನಿಂದ ನಿಮ್ಮ ಬಗ್ಗೆ ನನಗೆ ಇಷ್ಟು ಹೆಮ್ಮೆ ಆಗಿದ್ದು ಕಡಿಮೆ. ಯಾವುದೋ ಗಿರಾಕಿ ಬಂದು ‘ಯಾಕ್ರಿ ಅಕ್ಕಾರ’ ಎಂದ, ಗೊಬ್ಬರದ ಧೂಳು ಕಣ್ಣಿಗೆ ಬಿತ್ತು ಎಂದೆ.

ಇನ್ನು ಬಾವಿ. ಕೇಳಿ, ಅದನ್ನು ನಾನು ದಾಟಿದ್ದೇನೆ. ಹೆಚ್ಚು ಹೊತ್ತು ಹಿಡಿಯಲೂ ಇಲ್ಲ. ಬಾವಿಯ ತಳದಲ್ಲಿ ಏನಿತ್ತು ಎಂದು ಹೇಳುವುದಿಲ್ಲ, ಕಲ್ಲು ಹಾಕಿದರೆ ಟಣ್ ಎನ್ನುತ್ತದೆ ಎಂಬುದು ನಿಮಗೂ ಗೊತ್ತು. ಹೇಳಿಬಿಡಲು ನಾಲಿಗೆ ಎಷ್ಟು ತುರಿಸುತ್ತಿದೆ ಎಂದರೆ ಬೆಳಗಿನಿಂದ ಎರಡು ಸಲ ಅಡಿಕೆ ಹೋಳು ಬಾಯಿಗೆ ಹಾಕಿಕೊಂಡಿದ್ದೇನೆ. ಆದರೆ ನಮ್ಮ ಮನೆಯ ಒಡಪು-ಒಗಟಿನ ಕಾಯ್ದೆ ನಿಮಗೆ ನೆನಪಿದೆಯಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯವರು ಸಂಜೆ ಕಟ್ಟೆಯ ಮೇಲೆ ಕೂತು ಒಡಪು ಹಾಕುತ್ತಿದ್ದರು, ಒಡೆಯಲು ಬಾರದವರು ಬಾಯಿಮಾತಿನಲ್ಲೇ ಒಂದು ಊರು ಕೊಡಬೇಕು. ಸಣ್ಣ ಸುಳಿವಿಗೆ ಸಣ್ಣ ಊರು, ದೊಡ್ಡ ಸುಳಿವಿಗೆ ದೊಡ್ಡ ಊರು, ಉತ್ತರವೇ ಬೇಕೆಂದರೆ ಗೋಕಾಕ. ನೀವು ಆಗಲೇ ಸೋತು ಸೋತು ಘಟಪ್ರಭೆಯ ಎರಡೂ ದಂಡೆಯ ಊರುಗಳನ್ನು ನನಗೆ ಬರೆದುಕೊಟ್ಟಿದ್ದೀರಿ. ಸೋಲೊಪ್ಪಿಕೊಳ್ಳಲಾರದೆ ಒಂದು ಸಲ ಸಂಕೇಶ್ವರ ಕೊಟ್ಟೇನು, ಉತ್ತರ ಬೇಡ ಎಂದು ಎದ್ದು ಹೋಗಿದ್ದವರು ನೀವು. ಹೋಗಲಿ, ಈ ಸಲಕ್ಕೆ ಹಳೆಯ ಊರುಗಳನ್ನೆಲ್ಲ ವಾಪಸು ಕೊಟ್ಟಿದ್ದೇನೆ ಎಂದುಕೊಳ್ಳಿ. ಹೊಸ ವ್ಯಾಪಾರ ಶುರು ಮಾಡೋಣ.

ಧುಪದಾಳ ಕೊಡಿ, ಒಂದು ಹೇಳುತ್ತೇನೆ: ಹಗ್ಗ ಹುಡುಕುವುದನ್ನು ಬಿಟ್ಟುಬಿಡಿ, ವಾಡೆಯಲ್ಲಿ ಎಲ್ಲೂ ಹಗ್ಗವೇ ಇಲ್ಲ. ನೀವು ದನದ ಕೊಟ್ಟಿಗೆಯನ್ನು ಮೂರು ಸಲ ಜಾಲಾಡಿದ್ದೀರಿ ಎಂದು ಸರ್ ಹೇಳಿದರು, ಇನ್ನು ಆ ಕೊಟ್ಟಿಗೆಗೆ ವಿಶ್ರಾಂತಿ ಕೊಡಿ. ಸಾಲದೇ? ಹಾಗಾದರೆ ಕೌಜಲಗಿ ಬರಲಿ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂಬ ಗಾದೆ ಇದೆಯಲ್ಲ, ಅದನ್ನು ಇನ್ನೊಮ್ಮೆ ನಿಧಾನಕ್ಕೆ ಅಂದುಕೊಳ್ಳಿ. ಆಟ ಶುರುವಾಗುವಾಗ ನಿಮ್ಮ ಮೈಮೇಲೆ ಏನೇನಿದೆ ಎಂದು ಅದು ಹೇಳುತ್ತದೆ, ನೀವು ಅವಸರಕ್ಕೆ ದಾಟಿಸಿಬಿಡುತ್ತೀರಿ. ಧೋತರ ಬಿಚ್ಚಲೇ ಎಂದು ಮಾತ್ರ ಕೇಳಬೇಡಿ, ಐಶ್ವರ್ಯ ಮುಖ ಮುಚ್ಚಿಕೊಂಡು ಅದನ್ನೂ ಬರೆದು ನೋಡಿದಳು, ‘ಮರ್ಯಾದೆ ಇರಲಿ’ ಎಂದು ಆಟ ಗದರಿಸಿತು. ಇನ್ನೂ ಹೊಳೆಯದಿದ್ದರೆ ಮೂಡಲಗಿ ಕೊಡಿ. ಅದನ್ನು ವಾರಕ್ಕೊಮ್ಮೆ ಒಗೆಯುವವಳು ನಾನು. ಒಬ್ಬಳಿಂದ ಹಿಂಡಲು ಆಗುವುದಿಲ್ಲ, ಒಂದು ತುದಿ ಐಶ್ವರ್ಯ ಹಿಡಿಯಬೇಕು, ಅಂಗಳದ ಈ ಕಡೆಯಿಂದ ಆ ಕಡೆಯವರೆಗೆ ಬರುತ್ತದೆ. ಅದಕ್ಕೇ ನನಗೆ ಬೇಗ ಹೊಳೆಯಿತು, ನಿಮಗೆ ಹೊಳೆಯಲಿಲ್ಲ. ನೀವು ಅದನ್ನು ಯಾವತ್ತೂ ಬಟ್ಟೆ ಎಂದುಕೊಂಡವರೇ ಅಲ್ಲ. ಇದಕ್ಕಿಂತ ಮುಂದೆ ಗೋಕಾಕ ಕೊಟ್ಟರೂ ಉತ್ತರ ಹೇಳುವುದಿಲ್ಲ. ಫಾಲ್ಸು, ಪೇಟೆ, ಕರದಂಟು ಎಲ್ಲಾ ಸೇರಿಸಿ ಕೊಟ್ಟರೂ ಇಲ್ಲ.

ನಡುವೆ ನಿಮ್ಮ ಕಾಕಾನ ಮಗ ಸದಾಶಿವ ಬಂದಿದ್ದ. ಅವನು ಬರುವುದು ಯಾಕೆ ಎಂದು ನಿಮಗೆ ಗೊತ್ತು. ಅಂಗಡಿಯನ್ನು ತನಗೆ ಬಾಡಿಗೆಗೆ ಬಿಟ್ಟುಕೊಡಲಿ ಎಂದು ದೀಪಾವಳಿಯಿಂದ ಕೇಳುತ್ತಿದ್ದಾನೆ, ಈ ತಿಂಗಳೊಳಗೆ ಹೂಂ ಅಥವಾ ಊಹೂಂ ಅನ್ನಬೇಕಂತೆ. ನೀವು ಕಲಿತು ಬರುವುದನ್ನು ಕಾಯುವ ತಾಳ್ಮೆ ಅವನಿಗಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಎಂಬಂತೆ ಬೋರ್ಡಿಗೆ ಯಾವ ಬಣ್ಣ ಬಳಿಸಬೇಕೆಂದು ಗೋಡೆ ನೋಡುತ್ತ ನಿಂತಿದ್ದ. ನಾವು ಆಟ ಆಡುವುದು ಕಂಡು ತನ್ನ ಫೋನಿಗೂ ಹಾಕಿಸಿಕೊಂಡ, ಮಗನಿಂದ ಆ ಆಟದ ಹೊಟ್ಟೆ ಬಗೆಸಿ ಕೊನೆಯಲ್ಲಿ ಏನಿದೆ ಎಂದು ಒಂದೇ ಗಳಿಗೆಯಲ್ಲಿ ಓದಿ ಮುಗಿಸಿದ. ಆಗಿನ್ನೂ ನಾವು ಬಾವಿಯ ಹತ್ತಿರವೂ ಬಂದಿರಲಿಲ್ಲ. “ವೈನೀ, ಬಾವ್ಯಾಗ ಏನೈತಿ ಗೊತ್ತೈತೇನ್ರಿ” ಎಂದು ಬಾಯಿ ತೆಗೆದನೋ ಇಲ್ಲವೋ, ಅತ್ತೆಯವರು ಎದುರಿಗಿದ್ದ ತಾಟು ಎತ್ತಿಕೊಂಡು ಲಟ್ಟಣಿಗೆಯಿಂದ ಬಾರಿಸತೊಡಗಿದರು. ಅವನು ಜೋರು ಮಾಡಿದಷ್ಟೂ ಇವರೂ ಜೋರು. ಓಣಿಯವರು ಏನಾಯಿತೆಂದು ಬಂದು ನಿಂತರು. ಕಡೆಗೆ ಅವನೇ ಚಪ್ಪಲಿ ಮೆಟ್ಟಿಕೊಂಡು ಹೋದ. ಅಂಗಡಿಯ ಬಗ್ಗೆ ನಾನು ಅವನಿಗೆ ಏನೂ ಹೇಳಿಲ್ಲ. ಆ ಉತ್ತರ ಹೇಳಬೇಕಾದವರು ನೀವು. ಆ ಗಾದಿಯ ಮೇಲೆ ನೀವು ಕೂತಿರಬೇಕು, ನಾನು ಸ್ಟೂಲಿನ ಮೇಲೆ ಕೂತು ಚೀಟಿ ಬರೆಯಬೇಕು, ನನ್ನ ಆಸೆ ಇಷ್ಟೇ. ಇದನ್ನು ಸುಳಿವಿನಲ್ಲಿ ಸುತ್ತಿ ಹೇಳಲು ನನಗೆ ಬಾರದು, ನೇರವಾಗಿಯೇ ಹೇಳುತ್ತಿದ್ದೇನೆ.

ಇನ್ನೊಬ್ಬ ಬಂದಿದ್ದ, ನಿಮ್ಮ ಗಿರಾಕಿ ಕುರಿ ಮಾಳಪ್ಪ. ಹೋದ ವಾರ ಹುಕ್ಕೇರಿಗೆ ಕುರಿ ಮಾರಲು ಹೋಗಿದ್ದನಂತೆ. ಅಲ್ಲಿ ಪೇಟೆಯ ಮೂಲೆಯಲ್ಲಿ ನೀವು ಬಿಳಿ ಕೋಲನ್ನು ಮಡಚಿ ಅಂಗಿಯೊಳಗೆ ತುರುಕಿಕೊಂಡು, ಗೋಡೆಗೆ ಮುಖ ಮಾಡಿ ನಿಂತದ್ದನ್ನು ಕಂಡನಂತೆ. ನಿಮಗೆ ಕಸಿವಿಸಿ ಆದೀತೆಂದು ಮಾತಾಡಿಸದೆ ಬಂದನಂತೆ. ಇದನ್ನು ಅವನು ಬಹಳ ಸಂಕೋಚದಿಂದ ಹೇಳಿದ, ನಾನೂ ಹೇಳಬಾರದೆಂದುಕೊಂಡಿದ್ದೆ. ಆದರೆ ಅವನ ಕೊನೆಯ ಮಾತು ನಿಮಗೆ ಮುಟ್ಟಬೇಕು. “ಸಾಹುಕಾರ್ರ ಎಂದ ಬರ್ತಾರ್ರಿ ಅಕ್ಕಾರ? ಕಡ್ಲಿ ಬೀಜ ಹಾಕೂದ ಐತಿ. ಅವರ ಹಾಕ ಅಂದ್ರ ಹಾಕಾವ ನಾ, ಬ್ಯಾರೇದವರ ಮಾತ ನಂಬಾಕ ಮನಸ ಆಗವಲ್ದು” ಎಂದ. ಕೋಲನ್ನು ಕಂಡ ಮೇಲೆ ಆಡಿದ ಮಾತು ಇದು, ಕಾಣುವ ಮೊದಲಿನದಲ್ಲ. ಇವತ್ತಿಗೂ ಅವನು ಬೀಜ ಒಯ್ದಿಲ್ಲ. ಹದ ಹೋಗುತ್ತದೆ, ಒಯ್ಯೋ ಎಂದರೆ ನಿಮ್ಮನ್ನು ಕೇಳಿ ಹೇಳಿ ಎನ್ನುತ್ತಾನೆ. ಆದ್ದರಿಂದ ಕಪ್ಪು ನೆಲಕ್ಕೆ ಯಾವ ಬೀಜ ಕೊಡಲಿ, ಅದನ್ನು ಮರೆಯದೆ ತಿಳಿಸಿ.

ಇಷ್ಟು ಬರೆಯುವಷ್ಟರಲ್ಲಿ ಅತ್ತೆಯವರು ಬಂದು ಪಕ್ಕದಲ್ಲಿ ಕೂತಿದ್ದಾರೆ. ತಮ್ಮದೂ ಒಂದು ಮಾತು ಬರೆಯಬೇಕಂತೆ, ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕಂತೆ. ಷರತ್ತಿನ ವಿಷಯ ತಿಳಿಸಿ ಹೇಳಿದೆ, ಕೇಳುವ ಪೈಕಿಯವರಲ್ಲ. ನಿಮ್ಮ ಯಂತ್ರದಲ್ಲಿ ಒಂದು ಗುಂಡಿ ಒತ್ತಿದರೆ ಒಂದು ಪ್ಯಾರಾ ಹಾರಿಹೋಗುತ್ತದೆ ಎಂದು ಸರ್ ಹೇಳಿದ್ದಾರೆ. ಬಾವಿಯನ್ನು ನೀವೇ ದಾಟಬೇಕೆಂದಿದ್ದರೆ ಮುಂದಿನ ಪ್ಯಾರಾ ಹಾರಿಸಿಬಿಡಿ, ದಾಟಿದ ಮೇಲೆ ಕೇಳಿ.

“ಬಾಳೇಶಾ, ನಿಮ್ಮವ್ವ ಲಕ್ಕವ್ವ ಹೇಳಾಕತ್ತೇನಿ ಕೇಳ. ರುಮಾಲ ಬಿಚ್ಚೋ. ಬಿಚ್ಚಿ ಆ ಕೊಕ್ಕಿಗಿ ಕಟ್ಟಿ ಬಾವ್ಯಾಗ ಬಿಡ. ನಿಮ್ಮಪ್ಪ ಅಣ್ಣಪ್ಪನೂ ಹಂಗ ಮಾಡಿದ್ದ. ಹೊಲದ ಬಾವ್ಯಾಗ ಆಡಿನ ಮರಿ ಬಿದ್ದಾಗ ಹಗ್ಗ ತರಾಕ ಮನಿಗಿ ಓಡಿ ಬರಲಿಲ್ಲ, ತಲೀ ಮ್ಯಾಲಿನ ರುಮಾಲ ಬಿಚ್ಚಿ ಬಿಟ್ಟ, ಮರೀನ ಎತ್ತಿದ. ಬರೇ ತಲೀಲೆ ಮರಿ ಹೊತಗೊಂಡ ಊರಾಗ ಬಂದ. ಯಾರೂ ನಗಲಿಲ್ಲೋ. ಅವ ಹೋದ ಮ್ಯಾಲ ಹಿರಿಯಾರ ಆ ರುಮಾಲ ನಿನಗ ಸುತ್ತಿದ್ರು. ಅವತ್ತಿನಿಂದ ನೀ ಬರೇ ತಲೀಲೆ ಹೊಸ್ತಲಾ ದಾಟಿಲ್ಲ, ನನಗ ಗೊತ್ತೈತಿ. ಆದ್ರ ಅದು ನಿನ್ನ ತಲಿ ಕಾಯಾಕ ಇರೂದು, ನೀ ಅದನ್ನ ಕಾಯಾಕಲ್ಲ. ಕೋಲೂ ಹಂಗ. ಕೈಯಾಗ ಏನರೆ ಇರ್ಲಿ, ತಲೀ ಮ್ಯಾಲ ಏನೂ ಇರದಿರ್ಲಿ, ನೀ ಬಾಳೇಶನ. ಊಟ ಸರಿ ಮಾಡ.”

ಹಾರಿಸಿದಿರಾ? ಇಲ್ಲ ಎಂದು ನನಗೆ ಗೊತ್ತು. ಹೋಗಲಿ, ಅವ್ವನ ಮಾತಿಗೆ ಊರು ಕೊಡಬೇಕಾಗಿಲ್ಲ. ನಾನು ಇಷ್ಟು ಅಡಿಕೆ ಜಗಿದು ಕಾಪಾಡಿದ್ದನ್ನು ಅವರು ಎರಡು ಮಾತಿನಲ್ಲಿ ಒಗೆದು ಹಾಕಿದರು, ಈಗ ಎದ್ದು ಸಂತೋಷವಾಗಿ ಒಳಗೆ ಹೋದರು. ನಿಜ ಹೇಳಬೇಕೆಂದರೆ, ಅವರ ಈ ಕಥೆ ನಾನೂ ಇವತ್ತೇ ಕೇಳಿದ್ದು.

ಇನ್ನು ಸಾಕು, ಹೆಬ್ಬೆರಳು ನೋಯುತ್ತಿದೆ. ಸಿದ್ರಾಯ ಸರ್‌ಗೆ ನಮ್ಮೆಲ್ಲರ ಶರಣು ತಿಳಿಸಿ, ಕತ್ತಲೆಯ ಸುಳಿವಿಗೆ ಅವರಿಗೊಂದು ಊರು ಬಾಕಿ ಇದೆ ಎಂದೂ ಹೇಳಿ. ಅಡುಗೆಯವರಿಗೆ ರೊಟ್ಟಿ ತಟ್ಟುವುದನ್ನು ಕಲಿಸಲು ಹೋಗಬೇಡಿ. ಐಶ್ವರ್ಯಾಳ ನಮಸ್ಕಾರ, ಅತ್ತೆಯವರ ಆಶೀರ್ವಾದ. ಬಸವಣ್ಣ ನಿಮ್ಮನ್ನು ತಣ್ಣಗಿಡಲಿ.

ಇತಿ,
ನಿಮ್ಮ ಅರ್ಧ ಜಿಲ್ಲೆಯ ಒಡತಿ
ಮಹಾನಂದಾ

ತಾ.ಕ.: ಕಳಿಸುವ ಗುಂಡಿ ಒತ್ತುವ ಮೊದಲು ಇದೊಂದು. ಭಾನುವಾರ ಬರುತ್ತೇನೆ ಎಂದಿದ್ದೆ, ಬರುತ್ತೇನೆ. ಆದರೆ ಕೇಂದ್ರದ ಬಾಗಿಲಿಗೆ ಬರುವುದಿಲ್ಲ. ಹುಕ್ಕೇರಿ ಬಸ್ ಸ್ಟ್ಯಾಂಡಿನಲ್ಲಿ ಗೋಕಾಕದ ಬಸ್ಸು ನಿಲ್ಲುವ ಕಡೆ, ಕಂಬದ ಪಕ್ಕ ನಿಂತಿರುತ್ತೇನೆ. ನೀವು ಕೋಲು ಹಿಡಿದು ಪೇಟೆಯ ಹಾದಿಯಲ್ಲೇ ನಡೆದು ಬನ್ನಿ. ಸರ್‌ಗೆ ಹೇಳಿದ್ದೇನೆ, ಯಾರಾದರೂ ಹಿಂದಿನಿಂದ ದೂರದಲ್ಲಿ ಬರುತ್ತಾರೆ, ಹತ್ತಿರ ಬರುವುದಿಲ್ಲ. ಬಂದು ನನ್ನನ್ನು ಹುಡುಕಿದ ಮೇಲೆ ಮನೆಯ ಬಸ್ಸು ಹತ್ತುವುದೋ ತಿರುಗಿ ಕೇಂದ್ರಕ್ಕೆ ಹೋಗುವುದೋ ನೀವು ಹೇಳಿದ್ದೇ ಆಗಲಿ, ನಾನು ಒಂದು ಮಾತು ಎದುರಾಡುವುದಿಲ್ಲ. ನಾನು ಹೆಸರು ಹಿಡಿದು ಕೂಗುವುದಿಲ್ಲ, ಓಡಿಬಂದು ಕೈ ಹಿಡಿಯುವುದೂ ಇಲ್ಲ. ಗಾಜಿನ ಬಳೆ ಹಾಕಿಕೊಂಡು ಬರುತ್ತೇನೆ, ಒಂದು ಸಲ ಅಲ್ಲಾಡಿಸುತ್ತೇನೆ. ಎರಡನೆಯ ಸಲಕ್ಕೆ ಗೋಕಾಕ ಕೊಡಬೇಕು.